ಲಾಗ್ ಪುಸ್ತಕದ ಪುಣ್ಯ

ಮಗಳನ್ನು ಗೈಡ್ಸ್‌ಗೆ ಸೇರಿಸಿದಾಗ ನನ್ನ ತಲೆಯಲ್ಲಿದ್ದುದು ಸೇವೆಯೂ ಅಲ್ಲ, ಶಿಸ್ತೂ ಅಲ್ಲ, ಸರ್ಟಿಫಿಕೇಟು. ಸಿಇಟಿಯಲ್ಲಿ ಸ್ಕೌಟು-ಗೈಡುಗಳಿಗೆಂದು ಒಂದಷ್ಟು ಸೀಟು ಇರುತ್ತವೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವಷ್ಟೇ ಸಲೀಸಾಗಿ ಲೆಕ್ಕ ಹಾಕಿದ್ದೆ.

ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದೇ ಮೆಟ್ಟಿಲು. ಹಗ್ಗಕ್ಕೆ ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಬಯಲಲ್ಲಿ ಒಲೆ ಹೂಡಿ ಅಡುಗೆ, ದಿಕ್ಸೂಚಿ ಹಿಡಿದು ನಡಿಗೆ. ಎಲ್ಲಕ್ಕೂ ಲಾಗ್ ಪುಸ್ತಕ. 2015ರಲ್ಲಿ ಒತ್ತುವರಿ ತೆರವಾದ ಸಾರಕ್ಕಿ ಕೆರೆಯ ದಡದಲ್ಲಿ ಪ್ಲಾಸ್ಟಿಕ್ ಹೆಕ್ಕಿದ ಭಾನುವಾರವೂ ಅದರಲ್ಲಿ ದಾಖಲು.

ಅತ್ತೆ ನಕ್ಕರು: "ಬರೆದಿಟ್ಟುಕೊಂಡು ಮಾಡೋದು ಪುಣ್ಯವೇನೇ?"

ಮಾತು ಮನಸ್ಸಿಗೆ ನಾಟಿತು. ಫಲದ ಆಸೆ ಬಿಟ್ಟು ಮಾಡು ಎನ್ನುತ್ತದೆ ಗೀತೆ. ಇಲ್ಲಿ ಫಲವನ್ನು ತೋಳಿನ ಮೇಲೆ ಹೊಲಿದು ತೋರಿಸುತ್ತಾರಲ್ಲ! 1956ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರೋ ಪುರಸ್ಕಾರದಲ್ಲೂ ಅಷ್ಟೇ: ಕಂಚು, ಬೆಳ್ಳಿ, ಚಿನ್ನ.

ರಾಷ್ಟ್ರಪತಿ ಪುರಸ್ಕಾರ ಬಂತು. ಪಿಯುಸಿ ಮುಗಿಯಿತು. ಆಗ ಇವಳು, "ನನಗೆ ಇಂಜಿನಿಯರಿಂಗ್ ಬೇಡಮ್ಮ" ಎಂದಳು. ಬಿಎಸ್ಸಿ ಮುಗಿಸಿ ಉತ್ತರಕಾಶಿಗೆ ಹೊರಟಳು. ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ತರಬೇತಿ ಪಡೆದ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನಗಳ ಬೇಸಿಕ್ ಕೋರ್ಸು. ಈಗ ಶಾಲೆಯ ಮಕ್ಕಳನ್ನು ಸಾವನದುರ್ಗದಂಥ ಬೆಟ್ಟಗಳಿಗೆ ಕರೆದೊಯ್ಯುವುದೇ ಅವಳ ಕಸುಬು. ತಿಂಗಳ ಸಂಬಳ ಖಾತ್ರಿಯಿಲ್ಲ. ಮದುವೆ ಮನೆಗಳಲ್ಲಿ "ಮಗಳೇನು ಮಾಡ್ತಾಳೆ?" ಎಂದು ಕೇಳಿದರೆ ನಾನು ಮಾತು ಮರೆಸುತ್ತಿದ್ದೆ. ಅವಳೊಡನೆ ಸರಿಯಾಗಿ ಮಾತಾಡದ ತಿಂಗಳುಗಳೂ ಇದ್ದವು.

ಮೊನ್ನೆ ಇಬ್ಬರೂ ಕೆರೆಯ ಸುತ್ತ ನಡೆಯುತ್ತಿದ್ದೆವು. ಮಾತಿನ ನಡುವೆಯೇ ಬಗ್ಗಿ ಒಂದು ಪ್ಲಾಸ್ಟಿಕ್ ಕವರು ಎತ್ತಿ ಚೀಲಕ್ಕೆ ತುರುಕಿಕೊಂಡಳು. ಮಾತು ನಿಲ್ಲಿಸಲೂ ಇಲ್ಲ. ಬರೆದುಕೊಳ್ಳಲು ಪುಸ್ತಕವಿಲ್ಲ, ಸಹಿ ಹಾಕುವ ಟೀಚರಿಲ್ಲ.

ಅಕ್ಷರ ತಿದ್ದಿದ ಮಗುವಿಗೆ ನಾವು ಕಲ್ಲುಸಕ್ಕರೆ ಕೊಡುತ್ತೇವೆ. ಸಕ್ಕರೆ ಕರಗುತ್ತದೆ, ಅಕ್ಷರ ಉಳಿಯುತ್ತದೆ. ಅವಳು ಅಕ್ಷರ ಉಳಿಸಿಕೊಂಡಳು. ಸಕ್ಕರೆಗಾಗಿ ಇಷ್ಟು ವರ್ಷ ಕೈಚಾಚಿ ನಿಂತಿದ್ದವಳು ನಾನು. ಗೀತೆಯ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದುದು ಯಾರು, ನೀವೇ ಹೇಳಿ.

ಹಾಗೆಂದು ಭಯ ಹೋಗಿಲ್ಲ. ಅವಳು ಬೆಟ್ಟದಲ್ಲಿದ್ದು ಫೋನು ಸಿಗದ ರಾತ್ರಿ ಇವತ್ತಿಗೂ ನಿದ್ದೆ ಹತ್ತುವುದಿಲ್ಲ. ಆದರೆ ಈಗ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ, "ಮಕ್ಕಳಿಗೆ ಬೆಟ್ಟ ಹತ್ತೋದು ಕಲಿಸ್ತಾಳೆ" ಎಂದು ನೇರವಾಗಿಯೇ ಹೇಳುತ್ತೇನೆ.