ಆಡದವರ ನೆತ್ತರಲ್ಲೂ ಆಟ

1913ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆ ಸಾಲಿನ ಕೊನೆಯ, ಅತ್ಯಂತ ತುರುಸಿನ ಪಂದ್ಯ ಆಡಿತು. ಆಟ ಮುಗಿದ ಕೂಡಲೇ ತಂಡದ 25 ಮಂದಿಯ ಮೂತ್ರ ಪರೀಕ್ಷಿಸಿದಾಗ 12 ಮಂದಿಯಲ್ಲಿ ಸಕ್ಕರೆ ಕಂಡಿತು. ಅವರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ. ಕರೆ ಬಂದೀತೆಂದು ಕಾದು ಕೂತಿದ್ದ ಬದಲಿ ಆಟಗಾರರು. ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ.

ಭಯ, ಉದ್ವೇಗ ಹತ್ತಿದಾಗ ಕಾಲು ಓಡುವ ಮೊದಲೇ ನರಗಳು ಓಡಿರುತ್ತವೆ. ಮಿದುಳಿನ ಹೈಪೊಥಲಾಮಸ್‌ನಿಂದ ಹೊರಟ ಸಂದೇಶ ಬೆನ್ನುಹುರಿಯ ಗುಂಟ ಇಳಿದು, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯನ್ನು ಮುಟ್ಟುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಯಕೃತ್ತು ಕೂಡಿಟ್ಟ ಗ್ಲೈಕೊಜೆನ್ ಒಡೆದು ಸಕ್ಕರೆಯಾಗಿ ಹರಿಯುತ್ತದೆ, ಕೊಬ್ಬಿನ ಕೋಶಗಳು ತಮ್ಮ ದಾಸ್ತಾನು ಬಿಚ್ಚುತ್ತವೆ, ಇನ್ಸುಲಿನ್ ತಗ್ಗುತ್ತದೆ. ಗಾಯವಾದೀತೆಂದು ರಕ್ತ ಬೇಗ ಹೆಪ್ಪುಗಟ್ಟಲು ಅಣಿಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಕೂಡ ಏರುತ್ತದೆ. ಮೂಟೆ ಹೊರುವವರಿಗೆ, ಓಡುವವರಿಗೆ ಇದು ದೊಡ್ಡ ವರ. ಬಂದ ಸಕ್ಕರೆಯನ್ನು ದುಡಿಯುವ ಸ್ನಾಯು ಉಂಡು ಮುಗಿಸುತ್ತದೆ.

ಕೂತವರ ಪಾಡು ಬೇರೆ. ಸಿದ್ಧತೆಯೆಲ್ಲ ಆಗಿದೆ, ಬಂದ ಸಕ್ಕರೆಯನ್ನು ಉಣ್ಣುವ ಕೆಲಸವಿಲ್ಲ. ರಕ್ತದಲ್ಲಿ ಮಿಕ್ಕಿದ್ದು ಮೂತ್ರಕ್ಕೆ ಇಳಿಯುತ್ತದೆ.

ಕ್ಯಾನನ್ ಅವರ ಪ್ರಯೋಗಾಲಯದಲ್ಲಿ ಪಂಜರದೊಳಗಿನ ಬೆಕ್ಕಿನ ಎದುರು ನಾಯಿ ಬೊಗಳಿತು. ಮೈ ಮುಟ್ಟಲಿಲ್ಲ, ಕಚ್ಚಲಿಲ್ಲ. ಆದರೂ ಬೆಕ್ಕಿನ ಮೂತ್ರದಲ್ಲಿ ಸಕ್ಕರೆ ಬಂತು. ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಬೆಕ್ಕುಗಳು ಅಷ್ಟೇ ಹೆದರಿದರೂ ಅವುಗಳಲ್ಲಿ ಸಕ್ಕರೆ ಕಾಣಲಿಲ್ಲ. ಭಯಕ್ಕೆ ನೆತ್ತರಿನವರೆಗೂ ದಾರಿಯಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಈ ಬೆಕ್ಕಿನ ಸ್ಥಿತಿಯಲ್ಲಿ ದಿನವೂ ಎಷ್ಟೋ ಜನ ನಿಂತಿರುತ್ತಾರೆ. ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ ಮಗು, ಸಾಹೇಬರ ಗದರಿಕೆಗೆ ತಲೆತಗ್ಗಿಸಿದ ಗುಮಾಸ್ತ, ಗಂಡನ ಹೆಜ್ಜೆಸದ್ದಿಗೆ ಬೆಚ್ಚುವ ಹೆಂಗಸು. ಓಡುವಂತಿಲ್ಲ, ಎದುರಾಡುವಂತಿಲ್ಲ. ಮೈ ಮಾತ್ರ ಓಟಕ್ಕೆ ಸಜ್ಜಾಗಿ ಒಳಗೊಳಗೇ ಬಸವಳಿಯುತ್ತದೆ. ಒಂದು ದಿನದ್ದಾದರೆ ದೇಹ ತಾನೇ ಸರಿಪಡಿಸಿಕೊಳ್ಳುತ್ತದೆ. ವರ್ಷಗಟ್ಟಲೆ ನಡೆದರೆ ಹೃದಯ, ರಕ್ತನಾಳಗಳೇ ಬೆಲೆ ತೆರಬೇಕು.

“ನಾನೇನು ಹೊಡೆದೆನೆ? ಬೈದೆ ಅಷ್ಟೇ” ಎನ್ನುವ ಸಮಾಧಾನ ನಮಗೆ ಸುಲಭವಾಗಿ ಒದಗುತ್ತದೆ. ದೇಹ ಆ ಲೆಕ್ಕವನ್ನು ಒಪ್ಪುವುದಿಲ್ಲ. ಹೆದರಿಸಿದವರು ಮುಟ್ಟದೆಯೇ ಇನ್ನೊಬ್ಬರ ರಕ್ತಕ್ಕೆ ಕೈ ಹಾಕಿದ್ದಾರೆ. ತಪ್ಪನ್ನು ತಿದ್ದಲೇಬೇಕು, ಕೆಲಸ ಮಾಡಿಸಲೇಬೇಕು. ಅದಕ್ಕೆ ಎದುರಿನವರ ಭಯ ಬೇಕಾಗಿಲ್ಲ. ಅಧಿಕಾರ ಹೆಚ್ಚಿದ್ದಷ್ಟೂ ದನಿ ತಗ್ಗಿರಲಿ. ಅಹಿಂಸೆಯ ಮೊದಲ ಪಾಠ ಅಲ್ಲಿಂದಲೇ ಶುರುವಾಗಬೇಕು.