ದೇವರ ಹಣವೂ ಧರ್ಮದ ಸ್ವಾತಂತ್ರ್ಯವೂ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ದೇವಸ್ಥಾನ, ಮಠಗಳ ವಿಚಾರದಲ್ಲಿ ಸರಕಾರದ ಅಧಿಕಾರವೆಷ್ಟು, ಧರ್ಮದ ಸ್ವಾತಂತ್ರ್ಯವೆಷ್ಟು? ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಗೆ ದೊರೆತ ಮೊದಲ ಪ್ರಮುಖ ಉತ್ತರಗಳಲ್ಲೊಂದು ಉಡುಪಿಯ ಅಷ್ಟಮಠಗಳಲ್ಲಿ ಸೇರಿದ ಶಿರೂರು ಮಠದ ವ್ಯಾಜ್ಯದಿಂದ ಬಂದಿತು. ಮಾಧ್ವರು ಇದನ್ನು ಅವಶ್ಯವಾಗಿ ತಿಳಿದಿರಬೇಕು.

ಉಡುಪಿಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1946ರಲ್ಲಿ ಶಿರೂರು ಮಠದ ಪರ್ಯಾಯ. ಪದಾರ್ಥಗಳ ಅಭಾವ, ವಿಪರೀತ ಬೆಲೆ. ಆದರೂ ಶ್ರೀಕೃಷ್ಣನ ಪೂಜೆಯಾಗಲಿ ಅನ್ನಸಂತರ್ಪಣೆಯಾಗಲಿ ನಿಲ್ಲುವಂತಿರಲಿಲ್ಲ. ಮಠದ ಸಾಲ ಸುಮಾರು ಒಂದು ಲಕ್ಷ ರೂಪಾಯಿಗೆ ಏರಿತು. ಧರ್ಮಾದಾಯ ಮಂಡಲಿಯು ಆಡಳಿತದಲ್ಲಿ ಪ್ರವೇಶಿಸಿತು. ಶ್ರೀ ಲಕ್ಷ್ಮೀಂದ್ರತೀರ್ಥರು ನ್ಯಾಯಾಲಯದ ಮೊರೆಹೊಕ್ಕರು. 1951ರ ಮದರಾಸು ಧರ್ಮಾದಾಯ ಕಾನೂನೇ ವಿಚಾರಣೆಗೆ ಗುರಿಯಾಗಿ, 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು.

ಧರ್ಮವೆಂದರೆ ಕೇವಲ ನಂಬಿಕೆಯಲ್ಲ. ಪೂಜೆ, ವಿಧಿ, ಆಚಾರಗಳೂ ಧರ್ಮವೇ. ಯಾವುದು ಅತ್ಯವಶ್ಯವೆಂಬುದನ್ನು ಆಯಾ ಸಂಪ್ರದಾಯದ ಸಿದ್ಧಾಂತದಿಂದಲೇ ತಿಳಿಯಬೇಕು. ಅಧಿಕಾರಿಗಳು ಮನಬಂದಾಗ ಮಠದೊಳಗೆ, ಗರ್ಭಗುಡಿಯವರೆಗೂ ಪ್ರವೇಶಿಸಲು ಅವಕಾಶವಿತ್ತ ವಿಧಿ ಅಸಿಂಧುವಾಯಿತು. ಮಠದ ಆದಾಯದಿಂದ ವಸೂಲು ಮಾಡುತ್ತಿದ್ದ ವಂತಿಗೆಯು ಶುಲ್ಕವಲ್ಲ, ತೆರಿಗೆಯೇ ಎಂದು ಅದೂ ರದ್ದಾಯಿತು. ಆದರೆ ಆಸ್ತಿಯ ಆಡಳಿತವು ಕಾನೂನಿಗೆ ಒಳಪಟ್ಟದ್ದು. ಆಯವ್ಯಯ ಅಂದಾಜನ್ನು ಸರಕಾರದ ಮೇಲ್ವಿಚಾರಣೆಯಲ್ಲಿ ಸಿದ್ಧಪಡಿಸುವುದು ತಪ್ಪಲ್ಲವೆಂದೂ ನ್ಯಾಯಾಲಯ ಹೇಳಿತು. ಪೂಜೆ ಸಂಪ್ರದಾಯದ್ದು, ಲೆಕ್ಕ ಎಲ್ಲರೂ ನೋಡತಕ್ಕದ್ದು ಎಂಬುದು ಇದರ ಸಾರ.

ಇದು ಲೌಕಿಕ ನ್ಯಾಯ. ನಮ್ಮ ಸಿದ್ಧಾಂತವು ಇದಕ್ಕಿಂತ ಮುಂದೆ ಹೋಗುತ್ತದೆ. ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದರು. ಶ್ರೀಹರಿಯೊಬ್ಬನೇ ಸ್ವತಂತ್ರ. ಹೀಗಿರುವಾಗ ಸರಕಾರವೂ ಒಡೆಯನಲ್ಲ, ಧರ್ಮದರ್ಶಿಯೂ ಒಡೆಯನಲ್ಲ, ಇಬ್ಬರೂ ಪರಿಚಾರಕರು. ಸರಕಾರದ ಹಸ್ತಕ್ಷೇಪವನ್ನು ಆಕ್ಷೇಪಿಸುವವನು ತಾನೇ ದೇವರ ಹಣಕ್ಕೆ ಯಜಮಾನನಂತೆ ವರ್ತಿಸಿದರೆ, ಅವನ ಆಕ್ಷೇಪಣೆಗೆ ಬಲವೆಲ್ಲಿಯದು?

ನಮ್ಮ ಸೀಮೆಗೂ ಈ ಮಾತು ಸಲ್ಲುತ್ತದೆ. ಹಳೆಯ ಮೈಸೂರು ಸಂಸ್ಥಾನದ ದೇವಾದಾಯ ಇನಾಮುಗಳು 1955ರ ಕಾನೂನಿನಿಂದ ರದ್ದಾದವು. ಭೂಮಿ ಹೋಯಿತು, ತಸ್ತೀಕಿನ ಹಣ ಉಳಿಯಿತು. ಅಂದಿನಿಂದ ಗುಡಿಯ ನಂದಾದೀಪಕ್ಕೆ ಭಕ್ತರ ಕಾಣಿಕೆಯೇ ಹೆಚ್ಚಿನ ಆಧಾರ. ಕ್ಯಾತಗಾನಚೆರ್ಲು ಮೊದಲಾದ ಈ ಬಯಲುಸೀಮೆಯ ಊರುಗಳಲ್ಲಿ ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವವನು ಬೆಳೆ ಕೈಕೊಟ್ಟ ವರ್ಷವೂ ಮುಡಿಪಿನ ಹಣ ತರುತ್ತಾನೆ. ಆ ಹಣ ಎಲ್ಲಿ ವಿನಿಯೋಗವಾಯಿತೆಂದು ಕೇಳುವುದು ಅವನ ಅಶ್ರದ್ಧೆಯಲ್ಲ. ಹೇಳದಿರುವುದು ನಮ್ಮ ಅಪಚಾರ.

ಆದುದರಿಂದ ಉತ್ಸವ ಮುಗಿದೊಡನೆ, ತೀರ್ಥಪ್ರಸಾದಕ್ಕೆ ನೆರೆದವರೆದುರು ಜಮಾಖರ್ಚನ್ನು ಓದುವ ಪದ್ಧತಿ ಪ್ರತಿ ಗುಡಿಯಲ್ಲಿಯೂ ನಡೆಯಲಿ. ಅಧಿಕಾರಿ ಕೇಳುವ ಮೊದಲೇ ಭಕ್ತನಿಗೆ ಒಪ್ಪಿಸಿದ ಲೆಕ್ಕವು ಧರ್ಮದ ಸ್ವಾತಂತ್ರ್ಯಕ್ಕೆ ಭದ್ರವಾದ ಕಾವಲು, ಅದೂ ಭಗವತ್ಸೇವೆಯೇ.

॥ ಶ್ರೀಕೃಷ್ಣಾರ್ಪಣಮಸ್ತು ॥