ಗೋಡೆಯ ಎರಡು ಮಗ್ಗುಲು

ಕೃತಯುಗದಲ್ಲಿ ದಾನಿ ತಾನೇ ಹುಡುಕಿಕೊಂಡು ಹೋಗಿ ಕೊಡುತ್ತಿದ್ದನಂತೆ, ತ್ರೇತಾಯುಗದಲ್ಲಿ ಕರೆಸಿ ಕೊಡುತ್ತಿದ್ದನಂತೆ, ದ್ವಾಪರದಲ್ಲಿ ಬೇಡಿದವರಿಗೆ, ಕಲಿಯುಗದಲ್ಲಿ ಸೇವೆ ಮಾಡಿದವರಿಗೆ ಮಾತ್ರ. ಪರಾಶರ ಸ್ಮೃತಿಯ ಈ ಲೆಕ್ಕವನ್ನು ನಂಬುವುದಾದರೆ, ನಾಟಕ, ಸಂಗೀತ, ಚಿತ್ರಕಲೆಗಳನ್ನು ಹೊತ್ತು ನೆರೆಯ ಕೇರಿಗೆ ತಾನಾಗಿಯೇ ಹೋಗುವ ವಿಶ್ವವಿದ್ಯಾನಿಲಯವನ್ನು ಕೃತಯುಗದ ಸಂಸ್ಥೆಯೆಂದೇ ಕರೆಯಬೇಕು. ಬಹುಕಾಲ ನಾನೂ ಹಾಗೆಯೇ ತಿಳಿದಿದ್ದೆ.

ಹಾಗೆ ತಿಳಿಯಲು ನನಗೆ ಸ್ವಂತ ಕಾರಣವೂ ಇತ್ತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ವಿದ್ವಾಂಸರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸುತ್ತಿತ್ತು. ಉಪನ್ಯಾಸಗಳನ್ನು ಅಂಗೈಯಗಲದ ಪುಸ್ತಕಗಳಾಗಿ ಅಚ್ಚು ಹಾಕಿಸಿ ಅಲ್ಪ ಬೆಲೆಗೆ ಮಾರುತ್ತಿತ್ತು. 1956ರಿಂದ 1960ರವರೆಗೆ ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ ಈ ಕೆಲಸಕ್ಕೆ ಹೊಸ ಕಸುವು ಬಂತು. ಅಂಥ ಉಪನ್ಯಾಸವೊಂದು, ನಾನು ಹುಡುಗನಾಗಿದ್ದಾಗ, ನಮ್ಮೂರಿಗೂ ಬಂತು. ಶಾಲೆಯ ಜಗಲಿ, ಪೆಟ್ರೋಮ್ಯಾಕ್ಸ್ ದೀಪ, ಮುಂದಿನ ಸಾಲಿನಲ್ಲಿ ಪಟೇಲರು ಮತ್ತು ಶಾನುಭೋಗರು, ಹಿಂದೆ ನಾವು. ಬಂದವರು ಮಾತನಾಡಿದ್ದು ಊರಾಚೆಯ ಪಾಳುಗುಡಿಯ ಕಂಬಗಳನ್ನು ಕುರಿತು. ಆ ಕಂಬಗಳಿಗೆ ನಾವು ಕರು ಕಟ್ಟುತ್ತಿದ್ದೆವು! ಹೊಯ್ಸಳರ ಕಾಲದ ಶಿಲ್ಪಿಗಳು ಅಂಥ ಕಂಬಗಳನ್ನು ತಿರುಗಣೆಗೆ ಹಾಕಿ ಬಳೆಬಳೆಯಾಗಿ ಕಡೆಯುತ್ತಿದ್ದರೆಂದು ಅವರು ಹೇಳಿದರು. ಉಪನ್ಯಾಸದಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಮಾರನೆಯ ಬೆಳಗ್ಗೆ ಕರುವಿನ ಹಗ್ಗ ಬಿಚ್ಚಿ ಕಂಬದ ಮೇಲೆ ಕೈಯಾಡಿಸಿದೆ. ಆ ಸಂಜೆ ಬಾರದಿದ್ದರೆ ನಾನು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆನೋ ಇಲ್ಲವೋ.

ಮುಂದೆ ನಾನೂ ಅಧ್ಯಾಪಕನಾದೆ. ಎಲ್ಲಿ ಎಂಬುದು ಈಗ ಬೇಡ. ನಮ್ಮ ಕಾಂಪೌಂಡು ಗೋಡೆಯ ಹಿಂದೆಯೇ ಒಂದು ಕೇರಿ. ನಮ್ಮ ಕಟ್ಟಡಗಳಿಗೆ ಕಲ್ಲು ಗಾರೆ ಹೊತ್ತವರಲ್ಲಿ ಹಲವರು ಕೆಲಸ ಮುಗಿದ ಮೇಲೆ ಅಲ್ಲಿಯೇ ನೆಲೆಸಿದ್ದರು. ಒಂದು ವರ್ಷ ಅಲ್ಲಿ ಕಲಾಸಪ್ತಾಹ ನಡೆಸುವುದೆಂದು ತೀರ್ಮಾನವಾಯಿತು: ವಿದ್ಯಾರ್ಥಿಗಳ ನಾಟಕ, ಭಾವಗೀತೆ, ಮಕ್ಕಳಿಗೆ ಮೂರು ದಿನದ ಚಿತ್ರಕಲಾ ಕಮ್ಮಟ. ಕಮ್ಮಟದ ಹೊಣೆ ನನ್ನದು. ಮಕ್ಕಳು ಬರೆದ ಸಂಭ್ರಮವನ್ನು ಏನೆಂದು ಹೇಳಲಿ! ಒಂಬತ್ತು ವರ್ಷದ ಹುಡುಗಿಯೊಬ್ಬಳು ಹುಂಜ ಬರೆದಳು. ಹಾಳೆ ಸಾಲದೆ ಬಾಲವನ್ನು ಬೆನ್ನ ಮೇಲೆ ಮಡಿಸಿ ಕೂರಿಸಿದಳು. ಆ ಚಿತ್ರಗಳನ್ನೆಲ್ಲ ತಂದು ನಮ್ಮ ಸಭಾಂಗಣದ ಗೋಡೆಗೆ ತೂಗುಹಾಕಿದೆವು. ಗಣ್ಯರು ಬಂದು ಪ್ರದರ್ಶನವನ್ನು ಉದ್ಘಾಟಿಸಿದರು.

ಭಾನುವಾರ ಆ ಮಕ್ಕಳು ತಲೆ ಬಾಚಿಕೊಂಡು, ದೊಡ್ಡವರನ್ನೂ ಕರೆದುಕೊಂಡು ತಮ್ಮ ಚಿತ್ರಗಳನ್ನು ನೋಡಲು ಬಂದರಂತೆ. ಕಾವಲುಗಾರ ಪತ್ರ ಕೇಳಿದ. ಪತ್ರವಿರಲಿಲ್ಲ. ಹಿಂತಿರುಗಿದರು. ಸೋಮವಾರ ಈ ಸಂಗತಿಯನ್ನು ನನಗೆ ತಿಳಿಸಿದವಳು ಮನೆಗೆ ಹೂವು ತರುತ್ತಿದ್ದ ಮುದುಕಿ. ಹುಂಜ ಬರೆದವಳು ಅವಳ ಮೊಮ್ಮಗಳು. ಅಷ್ಟು ಹೊತ್ತಿಗೆ ಚಿತ್ರಗಳನ್ನು ಇಳಿಸಿ ಕಟ್ಟಿಯಾಗಿತ್ತು.

ಕಾವಲುಗಾರನದು ತಪ್ಪಲ್ಲ, ಅವನಿಗಿದ್ದ ಅಪ್ಪಣೆಯನ್ನು ಅವನು ಪಾಲಿಸಿದ. ಎರಡು ಸಾಲು ಬರೆದು ಕೊಡಲು ಮರೆತವನು ನಾನು. ಮರೆತೆ ಎಂಬುದೂ ಪೂರ್ತಿ ಸತ್ಯವಲ್ಲ. ನೆನಪಿದ್ದುದನ್ನಲ್ಲವೆ ಮರೆಯುವುದು? ಅವರು ಬಂದಾರು ಎಂಬ ಯೋಚನೆಯೇ ನನ್ನ ತಲೆಯಲ್ಲಿ ಸುಳಿದಿರಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಪೇಚಾಟವನ್ನು ನೋಡಿ ನಕ್ಕರು. "ಅಲ್ಲಯ್ಯಾ, ವಿಶ್ವವಿದ್ಯಾನಿಲಯವೇನು ಛತ್ರವೆ? ಮಕ್ಕಳು ಮೂರು ದಿನ ನಕ್ಕು ನಲಿದದ್ದು ಸುಳ್ಳೆ? ಕೊಟ್ಟದ್ದು ಕೊಟ್ಟ ಹಾಗೇ ಇದೆಯಲ್ಲ!" ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಪುಸ್ತಕ, ಉಪಕರಣ, ಓದುವವರಿಗೆ ಬೇಕಾದ ಮೌನ, ಇವಕ್ಕೆ ಗೋಡೆ ಬೇಕು. ಅರೆಮನಸ್ಸಿನಿಂದ ಕೊಟ್ಟದ್ದರಿಂದಲೂ ಪಡೆದವನಿಗೆ ಲಾಭವಾಗುವುದುಂಟು; ನಮ್ಮೂರ ಜಗಲಿಯ ಮೇಲೆ ಅಂದು ಮಾತನಾಡಿದ ಮಹನೀಯರು ಭತ್ಯದ ಆಸೆಗೇ ಬಂದಿದ್ದರೂ ನನಗೆ ಕಂಬ ಕಂಡದ್ದು ಕಂಡದ್ದೇ.

ಆದರೆ ಅವರು ದೂರದಿಂದ ಬಂದವರು. ಹೇಳಬೇಕಾದ್ದನ್ನು ಹೇಳಿ, ಕಂಬವನ್ನು ನಮ್ಮಲ್ಲಿಯೇ ಬಿಟ್ಟು ಹೋದರು. ನಾವು ನೆರೆಯವರು. ನೆರೆಹೊರೆಯ ನ್ಯಾಯ ಬೇರೆ. ಪಕ್ಕದ ಮನೆಯಿಂದ ಹಬ್ಬದ ಪಾಯಸ ಬಂದರೆ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅದು ಸಾಲ ತೀರಿಸುವುದಲ್ಲ, ನಮಗೂ ಒಂದು ಅಡಿಗೆಮನೆ ಇದೆ ಎಂದು ತಿಳಿಸುವುದು. ನಾವು ಆ ಕೇರಿಯಲ್ಲಿ ಪಾತ್ರೆಯನ್ನು ಬಿಡಲೇ ಇಲ್ಲ. ಬಡಿಸಿದವರೇ ತೊಳೆದು ಎತ್ತಿಕೊಂಡು ಬಂದೆವು. ಅಲ್ಲಿ ಯಾರು ಏನು ಹಾಡುತ್ತಾರೆಂದು ಏಳು ದಿನದಲ್ಲಿ ಒಬ್ಬರೂ ಕೇಳಲಿಲ್ಲ.

ಮರುವರ್ಷ ಕಾವಲುಗಾರನಿಗೆ ಚೀಟಿ ಕೊಟ್ಟೆವು. ಚೀಟಿಯಿಂದ ತೀರುವ ವಿಷಯವಾಗಿರಲಿಲ್ಲ ಅದು. ಶಾಂತಿನಿಕೇತನದ ಕಥೆಯನ್ನು ಓದುವಾಗ ನನಗೆ ಇದು ಹೊಳೆಯಿತು. 1921ರಲ್ಲಿ ವಿಶ್ವಭಾರತಿಯನ್ನು ಸ್ಥಾಪಿಸಿದ ರವೀಂದ್ರನಾಥ ಠಾಕೂರರು ಮರುವರ್ಷವೇ, ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣರ ನೆರವಿನಿಂದ, ಸಮೀಪದ ಸುರುಲ್ ಗ್ರಾಮದಲ್ಲಿ ಗ್ರಾಮಸೇವೆಯ ಕೇಂದ್ರವನ್ನು ತೆರೆದರು, ಅದೇ ಶ್ರೀನಿಕೇತನ. ಬೇಸಾಯದ ಜೊತೆಗೆ ನೇಯ್ಗೆ, ಚರ್ಮದ ಕೆಲಸ ಮೊದಲಾದ ಕೈಕಸಬುಗಳನ್ನೂ ಅಲ್ಲಿ ಕಲಿಸಿದರು. ಅದು ಗೋಡೆಯಿಂದಾಚೆಗೆ ಹೋಗುವ ದಾರಿ. ಒಳಕ್ಕೆ ಬರುವ ದಾರಿ ಅದಕ್ಕಿಂತ ಹಳೆಯದು: 1894ರಿಂದ ಬಂದ ಪೌಷ ಮೇಳ. ಹಳ್ಳಿಯವರು ತಮ್ಮ ಸರಕನ್ನು ತಂದು ಮಾರುವುದು, ಬಾವುಲರು ಏಕತಾರಿ ಹಿಡಿದು ಬಂದು ಹಾಡುವುದು ಅದರ ವಾಡಿಕೆ. ಅಲ್ಲಿ ಪಂಡಿತರು ಕೇಳುವವರು.

ಶಾಂತಿನಿಕೇತನವನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ರಾಮಕಿಂಕರ ಬೈಜ್ ಅವರು 1938ರಲ್ಲಿ ಸಿಮೆಂಟು ಜಲ್ಲಿಗಳಿಂದ ಮಾಡಿದ ಸಂತಾಲ ಕುಟುಂಬದ ದೊಡ್ಡ ಶಿಲ್ಪ ಅಲ್ಲಿ ಬಯಲಿನಲ್ಲಿಯೇ ನಿಂತಿದೆ, ಅಪೂರ್ವವಾದ ಕೃತಿ. ಸಂತಾಲರ ಮೂರ್ತಿಯನ್ನು ಅಂಗಳದಲ್ಲಿ ನಿಲ್ಲಿಸುವುದು ಒಂದು, ಸಂತಾಲರ ಹುಡುಗನನ್ನು ತರಗತಿಯಲ್ಲಿ ಕೂರಿಸುವುದು ಇನ್ನೊಂದು. ಮೊದಲನೆಯದು ಮುಗಿದರೆ ಎರಡನೆಯದೂ ಮುಗಿದಂತೆ ಎಂದುಕೊಳ್ಳುವ ಚಾಳಿ ವಿದ್ಯಾವಂತರಾದ ನಮ್ಮೆಲ್ಲರದು.

ಆ ಸೋಮವಾರ ಸಂಜೆ ಕಟ್ಟು ಬಿಚ್ಚಿ ಹುಂಜದ ಚಿತ್ರವನ್ನು ತೆಗೆದುಕೊಂಡು ಕೇರಿಗೆ ಹೋದೆ. ಮುದುಕಿ ಚಾಪೆ ಹಾಸಿದಳು.

"ಗ್ವಾಡೆ ಮ್ಯಾಲೆ ಹಾಕಿದ್ರಂತಲ್ಲ ಸ್ವಾಮಿ, ದೊಡ್ಡೋರೆಲ್ಲ ನೋಡಿದ್ರಾ? ಏನಂದ್ರು?"

ಉದ್ಘಾಟನೆಗೆ ಬಂದವರಲ್ಲಿ ಇಬ್ಬರು ಮೂವರು ಆ ಬಾಲವನ್ನು ನೋಡಿ ನಕ್ಕಿದ್ದರು. ಉಳಿದವರು ಕಾಫಿಯ ಕಡೆಗೆ ನಡೆದಿದ್ದರು. "ಚೆನ್ನಾಗಿದೆ ಅಂದರು" ಎಂದೆ.

ಹುಡುಗಿ ಕಂಬದ ಮರೆಯಿಂದ ಕೇಳಿದಳು: "ಎಷ್ಟು ಎತ್ತರಕ್ಕೆ ಹಾಕಿದ್ರಿ?"

ತೋರಿಸಲು ಕೈಯೆತ್ತಿದೆ. ಸೂರಿನ ಗಳು ಅಡ್ಡ ಬಂತು. ಅಂಗಳಕ್ಕೆ ಬಂದು ತೋರಿಸಿದೆ.